ಬೀಗರ ಎದುರು ಎಂಡ್‌ಗೇಮ್

ಸುಳ್ಳು ಹೇಳಿ ಸಿಕ್ಕಿಹಾಕಿಕೊಂಡವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ, ಅವರ ಕಥೆ ಹೇಳುತ್ತ ಕೂತರೆ ಬಾಯಿ ನೋಯುತ್ತದೆ. ಅಪ್ಪಟ ನಿಜ ಹೇಳಿ ಸಿಕ್ಕಿಹಾಕಿಕೊಂಡವರು ಮಾತ್ರ ಕ್ಯಾತ್ಸಂದ್ರದ ಮಹಾಲಿಂಗಯ್ಯನವರು ಒಬ್ಬರೇ ಇರಬೇಕು.

ಆ ನಿಜ ಅವರ ಬಾಯಿಂದ ಹೊರಬಿದ್ದದ್ದು ಮಗಳು ಸಿಂಚನಾಳನ್ನು ನೋಡಲು ಕುಣಿಗಲ್ಲಿನವರು ಬಂದ ದಿನ. ಹುಡುಗ ದನದ ಡಾಕ್ಟರು. ಹುಡುಗನ ತಂದೆ ಬಸವಪ್ರಭು ಬಿಳಿ ಪಂಚೆ, ಬಿಳಿ ಮೀಸೆಯ ಗಟ್ಟಿ ಆಸಾಮಿ. ತಾಯಿ ಸರ್ವಮಂಗಳಮ್ಮ ಮಾತು ಕಡಿಮೆ, ನೋಟ ಜಾಸ್ತಿ. ಉಪ್ಪಿಟ್ಟು ಆಯಿತು, ಕೇಸರಿಬಾತು ಆಯಿತು, ಕಾಫಿಯೂ ಆಯಿತು. ಹುಡುಗ ಹುಡುಗಿ ಮಹಡಿಯ ಮೇಲೆ ಮಾತಾಡಲು ಹೋದರು. ಕೆಳಗೆ ಕೂತ ದೊಡ್ಡವರ ಮಾತಿಗೆ ಬರ ಬಂತು. ಆಗ ಬಸವಪ್ರಭುಗಳ ಕಣ್ಣು ಶೋಕೇಸಿನ ಮೇಲಿದ್ದ ಚೆಸ್ ಬೋರ್ಡಿನ ಮೇಲೆ ಬಿತ್ತು.

"ಯಾರು ಆಡೋದು?"

"ನಾನೇ ಸಾರ್. ಟೂರ್ನಮೆಂಟ್‌ಗೆಲ್ಲಾ ಹೋಗ್ತಿರ್ತೀನಿ" ಎಂದರು ಮಹಾಲಿಂಗಯ್ಯನವರು.

"ಓಹೋ! ನಾನೂ ಆಡ್ತೀನಿ. ರೇಟಿಂಗ್ ಇದೆ ನನಗೆ. ಆದ್ರೆ ನೋಡಿ, ಈ ಎಂಡ್‌ಗೇಮ್ ಅನ್ನೋದು ಮಾತ್ರ ನನಗೆ ಕೈ ಕೊಡುತ್ತೆ. ನಿಮಗೆ ಹೆಂಗೆ?"

ಇಲ್ಲಿ ಸುಮ್ಮನಿದ್ದರೆ ಕಥೆಯೇ ಇರಲಿಲ್ಲ. ಆದರೆ ಹೆಣ್ಣಿನ ತಂದೆಗೂ ಒಂದು ಚೂರು ಎದೆ ಉಬ್ಬಿಸಬೇಕು ಅನಿಸುವುದಿಲ್ಲವೆ? ಮಹಾಲಿಂಗಯ್ಯನವರು ಕಾಲಮೇಲೆ ಕಾಲು ಹಾಕಿಕೊಂಡು, "ಎಂಡ್‌ಗೇಮ್‌ನಲ್ಲಿ ನನ್ನನ್ನ ಇದುವರೆಗೂ ಜಿಲ್ಲೇಲಿ ಯಾರೂ ಸೋಲಿಸಿಲ್ಲ ಸಾರ್" ಅಂದುಬಿಟ್ಟರು.

ಅಕ್ಷರಶಃ ನಿಜ. ಚೆಸ್ಸಿನಲ್ಲಿ ಎಂಡ್‌ಗೇಮ್ ಎಂದರೆ ಆನೆ, ಕುದುರೆ, ಒಂಟೆ, ಮಂತ್ರಿ ಎಲ್ಲಾ ಹೊಡೆದಾಡಿ ಸತ್ತು, ಬಯಲಾದ ಬೋರ್ಡಿನ ಮೇಲೆ ಇಬ್ಬರು ರಾಜರು ನಾಲ್ಕಾರು ಕಾಲಾಳುಗಳನ್ನು ಕಟ್ಟಿಕೊಂಡು ತಾವೇ ಕಾದಾಡುವ ಕೊನೆಯ ಘಟ್ಟ. ಮಹಾಲಿಂಗಯ್ಯನವರು ಅಲ್ಲಿಯತನಕ ಒಂದು ದಿನವೂ ಹೋದವರಲ್ಲ. ಅರ್ಧ ದಾರಿಯಲ್ಲೇ ಸೋತು, ಕೈ ಕುಲುಕಿ, ಎದ್ದು ಬರುತ್ತಿದ್ದರು. ಅನ್ನ ಸಾರಿಗೇ ಎಲೆ ಮಡಿಸಿ ಏಳುವವನನ್ನು ಮೊಸರನ್ನದಲ್ಲಿ ಸೋಲಿಸುವುದಕ್ಕೆ ಯಾರಿಂದ ತಾನೆ ಆದೀತು?

ಬಸವಪ್ರಭುಗಳ ಮೀಸೆ ಮಾತ್ರ ಸಂತೋಷದಿಂದ ಅಲುಗಾಡಿತು. "ಹಂಗಾದ್ರೆ ನೋಡ್ಲೇಬೇಕಲ್ಲಾ! ಮುಂದಿನ ತಿಂಗಳು ನಿಮ್ಮ ಕ್ಯಾತ್ಸಂದ್ರದಲ್ಲೇ ಟೂರ್ನಮೆಂಟ್ ಐತಲ್ಲ, ನಾನೂ ಹೆಸರು ಕೊಡ್ತೀನಿ. ಏನಂತೀಯ ಮಂಗಳಾ? ಆಟ ಮುಗಿಸ್ಕಂಡೇ ಈ ಮಾತುಕತೆ ಮುಂದುವರಿಸೋಣ."

ಸರ್ವಮಂಗಳಮ್ಮ ಮಹಾಲಿಂಗಯ್ಯನವರ ಮುಖವನ್ನು ಒಮ್ಮೆ ನೆಟ್ಟಗೆ ನೋಡಿದರು.

ಅವರ ಕಾರು ಬೀದಿ ದಾಟಿತೋ ಇಲ್ಲವೋ, ಪಕ್ಕದ ಮನೆಯ ಅಡವಿಯಪ್ಪ ಕಾಂಪೌಂಡ್ ಹಾರಿ ಬಂದ. ಯಾವ ಮನೆಯ ಸುದ್ದಿಯನ್ನೂ ಹಳಸಲು ಬಿಡದ ಪುಣ್ಯಾತ್ಮ.

"ಮಾಲಿಂಗಣ್ಣ, ಆ ಯಮ್ಮನ ವಿಚಾರ ಗೊತ್ತಾ? ಹೋದ ವರ್ಷ ಬೆಳ್ಳಾವಿ ಕಡೆ ಒಂದು ಹೆಣ್ಣು ಒಪ್ಕಂಡಿದ್ರು. ಹುಡುಗೀ ಅಪ್ಪ ತೋಟದ ಬೋರಲ್ಲಿ ನಾಲ್ಕಿಂಚು ನೀರೈತೆ ಅಂದಿದ್ದ. ಈ ಯಮ್ಮ ಸೀದಾ ತೋಟಕ್ಕೇ ಹೋಗಿ, ಮೋಟ್ರು ಆನ್ ಮಾಡ್ಸಿ ನೋಡುದ್ರು. ಎರಡೇ ಇಂಚು! ನೀರಿಗಲ್ಲ ನಾನು ಬೇಡ ಅಂತಿರೋದು, ಮಾತಿಗೆ ಅಂತ ಹೇಳಿ ಸಂಬಂಧಾನೇ ಬುಟ್ಟಾಕಿ ಬಂದ್ರು."

ಮಹಾಲಿಂಗಯ್ಯನವರು ಶೋಕೇಸಿನ ಮೇಲಿದ್ದ ಚೆಸ್ ಬೋರ್ಡನ್ನು ಇಳಿಸಿ ಸೋಫಾದ ಹಿಂದಕ್ಕೆ ತಳ್ಳಿದರು.

ಅಷ್ಟರಲ್ಲಿ ಸಿಂಚನಾ ಮಹಡಿಯಿಂದ ಇಳಿದು ಬಂದಳು. ಅಲ್ಲಿಯವರೆಗೆ ನೋಡಲು ಬಂದ ಗಂಡುಗಳಿಗೆಲ್ಲ ಒಂದೊಂದು ಕೊಂಕು ತೆಗೆದಿದ್ದ ಹುಡುಗಿ. ಅಪ್ಪನ ಪಕ್ಕದಲ್ಲಿ ಕೂತು, ನೆಲ ನೋಡುತ್ತ, "ಅಪ್ಪಾ, ನನಗೆ ಇವರು ಇಷ್ಟ ಆದ್ರು" ಎಂದಳು. ಬೇರೆ ದಿನವಾಗಿದ್ದರೆ ಮಹಾಲಿಂಗಯ್ಯನವರು ಕುಣಿದಾಡುತ್ತಿದ್ದರು. ಈಗ ಮಗಳ ತಲೆ ಸವರಿ ಅಡವಿಯಪ್ಪನ ಕಡೆ ನೋಡಿದರು.

"ನೀವು ಸೋತ್ರೆ ಹೇಳಿದ್ದು ಸುಳ್ಳು ಅಂತಾಗುತ್ತೆ" ಎಂದ ಅಡವಿಯಪ್ಪ.

"ಏನು ಹಂಗಂದ್ರೆ? ಗೆದ್ದು ಬೀಗರ ಮುಖಕ್ಕೆ ಮಸಿ ಬಳೀಬೇಕಾ?" ಅಡಿಗೆಮನೆಯಿಂದ ಹೆಂಡತಿ ಸಿದ್ದಗಂಗಮ್ಮ ಸೌಟು ಹಿಡಿದುಕೊಂಡೇ ಬಂದರು. "ಹೆಣ್ಣು ಕೊಡೋರು ಬಗ್ಗಿ ನಡೀಬೇಕು ರೀ. ನಾಲ್ಕು ಜನರ ಮುಂದೆ ಗಂಡಿನಪ್ಪನ್ನ ಸೋಲಿಸಿದ್ರೆ ಅವರು ಈ ಕಡೆ ತಲೆ ಹಾಕ್ತಾರಾ? ಸೋತ್ಕಂಡು ಬನ್ನಿ ಸುಮ್ನೆ."

ಗೆದ್ದರೆ ಬೀಗರಿಗೆ ಅವಮಾನ, ಸೋತರೆ ತಾವು ಸುಳ್ಳುಗಾರ. ಅತ್ತ ದರಿ, ಇತ್ತ ಪುಲಿ. ಮಹಾಲಿಂಗಯ್ಯನವರ ಸ್ಥಿತಿ ಶತ್ರುವಿಗೂ ಬೇಡ. ಕಚೇರಿಯಲ್ಲಿ ಯಾರೋ ಕಡತ ತಂದಿಟ್ಟರೆ ಅದರ ಮೇಲೆ ಸಹಿ ಹಾಕುವ ಬದಲು ಕುದುರೆ ಬರೆದರು.

ಏನೇ ಆಗಲಿ, ಎಂಡ್‌ಗೇಮ್ ಅಂದರೆ ಏನು ಅನ್ನುವುದಾದರೂ ಗೊತ್ತಿರಬೇಕಲ್ಲ ಎಂದು ಸಂಜೆ ಕಚೇರಿ ಬಿಟ್ಟವರು ರೈಲು ಹತ್ತಿ ಗುಬ್ಬಿಗೆ ಓಡಿದರು. ಅಲ್ಲಿ ಕನಕರಾಜು ಅಂತ ನಿವೃತ್ತ ಗಣಿತದ ಮೇಷ್ಟ್ರು ಚೆಸ್ ಹೇಳಿಕೊಡುತ್ತಿದ್ದರು. ಅವರಿಗೆ ಬೋರ್ಡಿನ ಮೇಲೆ ಕಾಯಿಗಳು ತುಂಬಿದ್ದರೆ ಆಗುತ್ತಿರಲಿಲ್ಲ, ಸಂತೆಯಂತೆ ಕಾಣುತ್ತದೆ ಅಂತ ಬೈಯುತ್ತಿದ್ದರು. ಎರಡು ರಾಜ, ನಾಲ್ಕು ಕಾಲಾಳು ಬಿಟ್ಟು ಮಿಕ್ಕಿದ್ದನ್ನೆಲ್ಲ ಡಬ್ಬಿಗೆ ಗುಡಿಸಿ ಹಾಕಿದರು.

"ನೋಡಪ್ಪಾ. ಇದು ನಿನ್ನ ರಾಜ, ಇದು ಅವನ ರಾಜ. ನಡುವೆ ನಿನ್ನದೊಂದು ಕಾಲಾಳು, ಅವನದೊಂದು, ಎದುರಾಬದುರಾ ತಲೆ ಕೊಟ್ಕಂಡು ನಿಂತವೆ. ಇಲ್ಲಿ ಯಾರು ರಾಜನ್ನ ಮೊದಲು ಅಲ್ಲಾಡಿಸ್ತಾನೋ ಅವನು ಕೆಟ್ಟ. ಅವನ ಕಾಲಾಳು ಹೋಯ್ತು, ಆಟಾನೂ ಹೋಯ್ತು."

"ಹಂಗಾದ್ರೆ ಸುಮ್ನೆ ಇದ್ಬಿಡ್ತೀನಿ ಸಾರ್."

"ಸುಮ್ನೆ ಇರೋಕೆ ಇದೇನು ನಿನ್ನ ಕಚೇರಿನಾ? ಸರದಿ ಬಂದಾಗ ಏನಾದ್ರೂ ನಡೆಸ್ಲೇಬೇಕು. ಅದಕ್ಕೇ ಅಂಚಿನಲ್ಲಿ ಇನ್ನೊಂದು ಕಾಲಾಳು ಇಟ್ಕಂಡಿರು. ಕಷ್ಟ ಬಂದಾಗ ಅದನ್ನ ಒಂದು ಮನೆ ತಳ್ಳು. ನೀನು ಆಡಿದಂಗೂ ಆಯ್ತು, ರಾಜ ನಿಂತಲ್ಲೇ ನಿಂತಂಗೂ ಆಯ್ತು. ಈಗ ಅಲ್ಲಾಡೋ ಕರ್ಮ ಅವನದು."

ಮಹಾಲಿಂಗಯ್ಯನವರು ತಿಂಗಳು ಪೂರ್ತಿ ಗುಬ್ಬಿಗೆ ಹೋಗಿ ಈ ಒಂದೇ ಪಾಠವನ್ನು ಉರು ಹೊಡೆದರು. ಎರಡನೆಯದನ್ನು ಮೇಷ್ಟ್ರು ಶುರು ಮಾಡಿದಾಗಲೆಲ್ಲ ಮೊದಲನೆಯದು ಮರೆತುಹೋಗುತ್ತಿದ್ದುದರಿಂದ, "ಬೇಡಪ್ಪಾ, ನಿನಗೆ ಇದೇ ಸಾಕು" ಎಂದು ಅವರೇ ಕೈ ಮುಗಿದರು. ಮನೆಯಲ್ಲಿ ಊಟಕ್ಕೆ ಕೂತರೆ ಉಪ್ಪಿನ ಡಬ್ಬಿಯೇ ರಾಜ, ಉಪ್ಪಿನಕಾಯಿ ಭರಣಿಯೇ ಎದುರು ರಾಜ. ಸಿದ್ದಗಂಗಮ್ಮ ಭರಣಿ ಎತ್ತಿಕೊಂಡರೆ, "ಅಲ್ಲಾಡಿಸಿದೆಯಾ, ಕೆಟ್ಟೆ!" ಎಂದು ಕೂಗಿ ಬೈಸಿಕೊಳ್ಳುತ್ತಿದ್ದರು.

ಟೂರ್ನಮೆಂಟಿನ ದಿನ ಬಂತು. ನಡೆದದ್ದು ಕಲ್ಯಾಣಮಂಟಪದಲ್ಲಿ, ಅದೂ ಮಹಾಲಿಂಗಯ್ಯನವರ ಹಣೆಬರಹ. ಧಾರೆ ಎರೆಯುವ ವೇದಿಕೆಯ ಕೆಳಗೆ ಟೇಬಲ್ಲು ಸಾಲು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರಬೇಕು. ಹಗ್ಗದ ಆಚೆ ನೋಡುವವರಿಗೆ ಕುರ್ಚಿ. ಒಂದು ಸಾಲಿನಲ್ಲಿ ಸರ್ವಮಂಗಳಮ್ಮ, ಅದರ ಹಿಂದಿನ ಸಾಲಿನಲ್ಲಿ ಸಿದ್ದಗಂಗಮ್ಮ, ಸಿಂಚನಾ, ಅಡವಿಯಪ್ಪ, ಮತ್ತು ಮಹಾಲಿಂಗಯ್ಯನವರ ತಾಯಿ ಹೊಂಬಾಳಮ್ಮ. ಆಯಮ್ಮನಿಗೆ ಈ ಗೆಲ್ಲುವ ಸೋಲುವ ಗಡಿಬಿಡಿಯೊಂದೂ ಗೊತ್ತಿರಲಿಲ್ಲ. ಮಗ ಆಡುತ್ತಾನೆ ಅಂತ ಬಂದು, ಸೆಕೆಗೆ ಪೇಪರ್ ಮಡಿಸಿ ಗಾಳಿ ಹಾಕಿಕೊಳ್ಳುತ್ತಿದ್ದರು.

ಮಹಾಲಿಂಗಯ್ಯನವರು ವಾಡಿಕೆಯಂತೆ ಸೋಲುತ್ತ ಬಂದರು. ಬಸವಪ್ರಭುಗಳು ತಾವೇ ಹೇಳಿದ್ದಂತೆ ಎಂಡ್‌ಗೇಮ್‌ಗಳಲ್ಲೇ ಎಡವುತ್ತ ಬಂದರು. ಹೀಗೆ ಇಬ್ಬರೂ ಕೆಳಗಿಳಿಯುತ್ತ ಇಳಿಯುತ್ತ ಕೊನೆಯ ಸುತ್ತಿನಲ್ಲಿ ಒಂದೇ ಟೇಬಲ್ಲಿಗೆ ಬಂದು ಮುಟ್ಟಿದರು. ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ತಮ್ಮ ಹೆಸರಿನ ಎದುರು ಬೀಗರ ಹೆಸರು ನೋಡಿ ಮಹಾಲಿಂಗಯ್ಯನವರು ಇನ್ನೊಮ್ಮೆ ಬೆರಳಿಟ್ಟು ಓದಿದರು.

"ಬನ್ನಿ ಬನ್ನಿ" ಎಂದರು ಬಸವಪ್ರಭು. "ಇದಕ್ಕೇ ಕಾಯ್ತಿದ್ದೆ."

"ನೀವು ಮೊದಲು ಕೂತ್ಕಳಿ ಸಾರ್."

"ಇಲ್ಲ ಇಲ್ಲ, ನೀವು ಮೊದಲು."

"ಉಂಟಾ ಸಾರ್, ನೀವಿರೋವಾಗ..."

"ಇಬ್ರೂ ಕೂತ್ಕೊಳ್ಳಿ ಸಾರ್, ಟೈಮ್ ಆಗ್ತಿದೆ!" ಎಂದು ಗದರಿದವರು ಟೂರ್ನಮೆಂಟಿನ ತೀರ್ಪುಗಾರ ಅಂಜನ್‌ಕುಮಾರ್. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ನಿಯಮದ ಪುಸ್ತಕ, ಮುಖದಲ್ಲಿ ನಗು ಎಂಬುದು ಇಲ್ಲ.

ಆಟ ಶುರುವಾಯಿತು. ಬಸವಪ್ರಭುಗಳಿಗೆ ಎಷ್ಟು ಬೇಗ ಎಂಡ್‌ಗೇಮ್ ನೋಡುತ್ತೇನೋ ಎಂಬ ಆತುರ. ಮಂತ್ರಿ ಕೊಟ್ಟು ಮಂತ್ರಿ ಹೊಡೆದರು, ಆನೆ ಕೊಟ್ಟು ಆನೆ ಹೊಡೆದರು. ಮದುವೆ ಮನೆಯಲ್ಲಿ ಎಲೆ ಎತ್ತಿದ ಹಾಗೆ ಬೋರ್ಡು ಖಾಲಿ ಮಾಡಿದರು. ಮಹಾಲಿಂಗಯ್ಯನವರು ಬಾಳಿನಲ್ಲಿ ಮೊದಲ ಸಲ ಎಂಡ್‌ಗೇಮಿನ ಹೊಸ್ತಿಲು ತುಳಿದರು. ಸಂತೋಷಪಡುವುದಕ್ಕೆ ಪುರುಸೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ ಚಿತ್ರ. ಕೊಟ್ಟಿಗೆಯ ದಾರಿಯೊಂದೇ ಬಲ್ಲ ಹಸುವಿನಂತೆ ಅವರ ರಾಜ ಆ ಚಿತ್ರದ ಕಡೆಗೇ ನಡೆದ. ಇವರು ಇಷ್ಟು ಖಂಡಿತವಾಗಿ ಎಲ್ಲಿಗೆ ಹೋಗುತ್ತಿದ್ದಾರೆ ಎಂಬ ಕುತೂಹಲಕ್ಕೆ ಬಸವಪ್ರಭುಗಳ ರಾಜನೂ ಹಿಂದೆಯೇ ಬಂದ.

ಮಹಾಲಿಂಗಯ್ಯನವರು ಬೋರ್ಡು ನೋಡಿದರು. ಇಬ್ಬರು ರಾಜರು. ನಡುವೆ ತಲೆಗೆ ತಲೆ ಕೊಟ್ಟ ಎರಡು ಕಾಲಾಳು. ಅಂಚಿನಲ್ಲಿ ತಮ್ಮದೊಂದು ಕಾಲಾಳು, ಮುಂದೆ ಸರಿಯಲು ಒಂದೇ ಒಂದು ಖಾಲಿ ಮನೆ, ಅದರಾಚೆ ಅಡ್ಡವಾಗಿ ಬೀಗರ ಕಾಲಾಳು. ಸರದಿ ತಮ್ಮದು. ಆ ಕಾಲಾಳನ್ನು ತಳ್ಳಿದರೆ ಗೆಲುವು. ರಾಜನನ್ನು ಅಲ್ಲಾಡಿಸಿದರೆ ಸೋಲು. ಗುಬ್ಬಿಯ ಮೇಷ್ಟ್ರೇ ಬಂದು ಜೋಡಿಸಿಟ್ಟು ಹೋದಂತಿತ್ತು.

ತಲೆ ಎತ್ತಿದರು. ಹಗ್ಗದಾಚೆ ಸಿದ್ದಗಂಗಮ್ಮ ಬೇಡ ಬೇಡ ಎಂದು ಕಣ್ಣಲ್ಲೇ ಹೆದರಿಸುತ್ತಿದ್ದರು. ಅಡವಿಯಪ್ಪ ಮುಷ್ಟಿ ಬಿಗಿದು ತೋರಿಸುತ್ತಿದ್ದ. ಸರ್ವಮಂಗಳಮ್ಮ ಬೋರ್‌ವೆಲ್ಲಿನ ಪೈಪು ನೋಡುವ ಹಾಗೆ ಇವರನ್ನೇ ನೋಡುತ್ತಿದ್ದರು. ಸಿಂಚನಾ ಉಗುರು ಕಚ್ಚುತ್ತಿದ್ದಳು. ಮಗಳ ಮುಖ ನೋಡಿದ ಮಹಾಲಿಂಗಯ್ಯನವರಿಗೆ ಅಳು ಬಂದಂತಾಯಿತು. ಕೈ ಅಂಚಿನ ಕಾಲಾಳಿನ ಕಡೆ ಹೋಯಿತು. ವಾಪಸು ಬಂತು. ಮತ್ತೆ ಹೋಯಿತು. ಮೂರನೆಯ ಸಲ ವಾಪಸು ಬರುವಾಗ ತುಂಬುತೋಳಿನ ಅಂಗಿಯ ತುದಿ ರಾಜನಿಗೆ ತಗುಲಿತು. ರಾಜ ಉರುಳಿದ, ಟೇಬಲ್ಲಿನಿಂದ ಬಿದ್ದ, ನೆಲದ ಮೇಲೆ ಪುಟಿದು ಮಹಾಲಿಂಗಯ್ಯನವರ ಬರಿಗಾಲಿಗೆ ಬಂದು ತಾಗಿದ.

ಕಾಲಿಗೆ ಏನಾದರೂ ತಾಗಿದರೆ ನಮ್ಮ ಜನ ಏನು ಮಾಡುತ್ತಾರೆ ಎಂದು ನಿಮಗೆ ಹೇಳಬೇಕೆ? "ಶಿವಶಿವಾ" ಎಂದು ಬಗ್ಗಿ, ರಾಜನನ್ನು ಎತ್ತಿ, ಎಡಗಣ್ಣಿಗೊಮ್ಮೆ ಬಲಗಣ್ಣಿಗೊಮ್ಮೆ ಒತ್ತಿಕೊಂಡು, ಆಮೇಲೆ ಬೋರ್ಡಿನ ಮೇಲಿಟ್ಟರು.

ಬಸವಪ್ರಭುಗಳ ಕೈ ತಾನಾಗಿಯೇ ಮೇಲೆ ಹೋಯಿತು. ಎಷ್ಟೋ ವರ್ಷದ ಟೂರ್ನಮೆಂಟ್ ಅಭ್ಯಾಸ. "ಸಾರ್! ರಾಜನ್ನ ಮುಟ್ಟಿದ್ದಾರೆ. ಮುಟ್ಟಿದ್ರೆ ನಡೆಸಬೇಕು."

ಅಂಜನ್‌ಕುಮಾರ್ ಓಡಿ ಬಂದು ಗಡಿಯಾರ ನಿಲ್ಲಿಸಿದರು. ಪುಸ್ತಕ ತೆರೆದರು. "ಅಕಸ್ಮಾತ್ ಬಿದ್ರೆ ತಪ್ಪಿಲ್ಲ. ಎತ್ತಿ ಇಟ್ರೂ ತಪ್ಪಿಲ್ಲ. ಆದ್ರೆ ಕಣ್ಣಿಗೆ ಒತ್ಕೊಂಡ್ರೆ..." ಹಿಂದಕ್ಕೆ ತಿರುವಿದರು, ಮುಂದಕ್ಕೆ ತಿರುವಿದರು. "ಕಣ್ಣಿಗೆ ಒತ್ಕೊಳ್ಳೋದರ ಬಗ್ಗೆ ಏನೂ ಬರೆದಿಲ್ಲ ಇದರಲ್ಲಿ."

ಅಕ್ಕಪಕ್ಕದ ಟೇಬಲ್ಲಿನವರೆಲ್ಲ ಆಟ ಬಿಟ್ಟು ಇತ್ತ ತಿರುಗಿದರು. ಹಗ್ಗದಾಚೆಯವರು ಹಗ್ಗದ ಮೇಲೆ ಬಿದ್ದರು.

"ನಡೆಸೋ ಉದ್ದೇಶದಿಂದ ಮುಟ್ಟಿದ್ರೆ ಮಾತ್ರ ನಡೆಸಬೇಕು, ಅದು ನಿಯಮ" ಎಂದರು ಅಂಜನ್‌ಕುಮಾರ್. "ಉದ್ದೇಶ ಏನಿತ್ತು, ನೀವೇ ಹೇಳಿ ಸಾರ್."

ಮಹಾಲಿಂಗಯ್ಯನವರಿಗೆ ಶಿವನೇ ಬಾಗಿಲು ತೆರೆದಂತೆ ಕಂಡಿತು. ರಾಜನನ್ನು ಅಲ್ಲಾಡಿಸಿ ಸೋಲಬಹುದು. ಅದೂ ಆಟ ಬರದೆ ಸೋತದ್ದಲ್ಲ, ನಿಯಮಕ್ಕೆ ಸಿಕ್ಕಿ ಸೋತದ್ದು. ಬೀಗರ ಮೀಸೆ ಮಣ್ಣಾಗುವುದಿಲ್ಲ, ತಮ್ಮ ಮಾತೂ ಪೂರ್ತಿ ಬೀಳುವುದಿಲ್ಲ.

"ನಡೆಸೋಕೇ ಮುಟ್ಟಿದ್ದು ಸಾರ್" ಎಂದರು.

"ಯಾಕ್ಲಾ ಮಾಲಿಂಗ ಸುಳ್ಳು ಬೊಗಳ್ತೀಯ?" ಹಿಂದಿನ ಸಾಲಿನಿಂದ ಹೊಂಬಾಳಮ್ಮನ ಗಂಟಲು ಮಂಟಪದ ತಾರಸಿಗೆ ಬಡಿಯಿತು. "ಕಾಲಿಗೆ ತಾಗ್ತು ಅಂತ ಕಣ್ಣಿಗೊತ್ಕಂಡೆ ಕಣೋ ನೀನು! ಪೊರಕೆ ತುಳಿದ್ರೂ ಕಣ್ಣಿಗೊತ್ಕಳ್ಳಂಗೆ ಸಾಕಿದೀನಿ ನಿನ್ನ!"

"ಅವ್ವಾ, ನೀನು ಸುಮ್ಕಿರವ್ವಾ..."

"ಯಾಕ್ ಸುಮ್ಕಿರ್ಲಿ? ನಮ್ಮನೇಲಿ ಹುಟ್ಟಿ ಶಿವಶಿವಾ ಅಂದಿದ್ದನ್ನ ಇಲ್ಲಾ ಅಂತೀಯಲ್ಲಾ!"

"ಅಜ್ಜಿ, ಆಟದ ಜಾಗದಲ್ಲಿ ಮಾತಾಡಬಾರದು" ಎಂದರು ಅಂಜನ್‌ಕುಮಾರ್. "ನಿಮ್ಮ ಹತ್ರ ಸಾಕ್ಷಿ ಏನಿದೆ?"

"ಸಾಕ್ಷಿ ಬೇಕಾ? ತಗ" ಎಂದವರೇ ಹೊಂಬಾಳಮ್ಮ ಹಗ್ಗದ ಕೆಳಗೆ ನುಸುಳಿ ಬಂದು, ಕೈಲಿದ್ದ ಪೇಪರನ್ನು ಮಗನ ಪಾದದ ಮೇಲೆ ಎಸೆದರು.

ಇಡೀ ಮಂಟಪ ನೋಡುತ್ತಿತ್ತು. ಮಹಾಲಿಂಗಯ್ಯನವರು ಹಲ್ಲು ಕಚ್ಚಿ, ಬೆನ್ನು ಸೆಟೆಸಿ, ಕುರ್ಚಿಯ ಕೈ ಹಿಡಿದು ಕೂತರು. ಬಗ್ಗಬಾರದು ಎಂದುಕೊಂಡರು. ಪಾದದ ಮೇಲೆ ಅಕ್ಷರವಿರುವ ಕಾಗದ, ಸರಸ್ವತಿ! ಹಣೆಯಲ್ಲಿ ಬೆವರು ಮೂಡಿತು. ತಡೆದರು, ತಡೆದರು, ಕೊನೆಗೆ ಕೈ ಅವರ ಮಾತು ಕೇಳದೆ ತಾನೇ ಇಳಿದು, ಪೇಪರ್ ಎತ್ತಿ, ಕಣ್ಣಿಗೊತ್ತಿಬಿಟ್ಟಿತು.

"ಸಾಬೀತಾಯ್ತು. ನಡೆಸೋ ಉದ್ದೇಶ ಇರಲಿಲ್ಲ. ಯಾವ ಕಾಯಿ ಬೇಕಾದ್ರೂ ಆಡಬಹುದು" ಎಂದು ತೀರ್ಪು ಕೊಟ್ಟರು ಅಂಜನ್‌ಕುಮಾರ್.

ಆಗ ಸರ್ವಮಂಗಳಮ್ಮ ಎದ್ದು ನಿಂತರು. "ಒಂದು ನಿಮಿಷ. ಹಂಗಾದ್ರೆ ನಡೆಸೋಕೇ ಮುಟ್ಟಿದ್ದು ಅಂತ ಸುಳ್ಳು ಯಾಕೆ ಹೇಳಿದ್ರಿ?"

ಮುಗಿಯಿತು. ಮಹಾಲಿಂಗಯ್ಯನವರ ನಾಲಗೆಗೆ ಇನ್ನೊಂದು ಸುಳ್ಳು ಸಿಗಲಿಲ್ಲ. "ಬೀಗರು ಸೋಲಬಾರದು ಅಂತ ಕಣಮ್ಮಾ" ಎಂದರು. "ನನ್ನ ಮಗಳು ಯಾವ ಗಂಡನ್ನೂ ಒಪ್ಪಿರಲಿಲ್ಲ. ಮೊದಲ್ನೇ ಸಲ ಬಾಯಿಬಿಟ್ಟು ನಿಮ್ಮ ಹುಡುಗ ಇಷ್ಟ ಅಂದವ್ಳೆ. ಈ ಆಟ ಗೆದ್ದು ನಾನು ಅವಳಿಗೆ ಏನು ಮುಖ ತೋರಿಸ್ಲಿ?"

ಸಿಂಚನಾ ದುಪಟ್ಟದಲ್ಲಿ ಮುಖ ಮುಚ್ಚಿಕೊಂಡಳು.

"ತಡೀರಿ ತಡೀರಿ" ಎಂದರು ಬಸವಪ್ರಭು. "ನಾನು ಸೋಲೋ ಸ್ಥಿತೀಲಿದೀನಾ? ಎಲ್ಲಿ? ನಾನೇ ಗೆಲ್ತಿದೀನಿ ಅಂದ್ಕಂಡಿದ್ನಲ್ಲಾ!"

"ಆಟದ ಬಗ್ಗೆ ಚರ್ಚೆ ಮಾಡಂಗಿಲ್ಲ ಸಾರ್!" ಅಂಜನ್‌ಕುಮಾರ್ ಗಡಿಯಾರ ಒತ್ತಿದರು. "ಆಡಿ."

ಮಹಾಲಿಂಗಯ್ಯನವರು ಸರ್ವಮಂಗಳಮ್ಮನ ಕಡೆ ನೋಡಿದರು. ಆಯಮ್ಮ ಗಂಭೀರವಾಗಿ, "ಆಡಿ, ಅದೇನು ನೋಡೇ ಬಿಡೋಣ" ಎಂದರು. ಎಲ್ಲ ಕೆಟ್ಟ ಮೇಲೆ ಇನ್ನೇನು ಹೆದರಿಕೆ? ಮಹಾಲಿಂಗಯ್ಯನವರು ಅಂಚಿನ ಕಾಲಾಳನ್ನು ಒಂದು ಮನೆ ಮುಂದೆ ತಳ್ಳಿದರು.

ಬಸವಪ್ರಭುಗಳು ಬೋರ್ಡು ನೋಡಿದರು. ರಾಜನನ್ನು ಅತ್ತ ಸರಿಸಿದರೆ ಏನು, ಇತ್ತ ಸರಿಸಿದರೆ ಏನು ಎಂದು ಬೆರಳಲ್ಲೇ ಲೆಕ್ಕ ಹಾಕಿದರು. ಯಾವ ಕಡೆ ಹೋದರೂ ಕಾಲಾಳು ಹೋಗುತ್ತಿತ್ತು. ಮೀಸೆ ಕೆಳಗಿಳಿಯಿತು. ಬಹಳ ಹೊತ್ತಿನ ಮೇಲೆ ಮೆಲ್ಲಗೆ ಮತ್ತೆ ಮೇಲೇರಿತು.

"ಅಯ್ಯಯ್ಯಪ್ಪಾ! ಎಂಥ ಕೆಲಸ ರೀ ಇದು!" ಎಂದು ಎದ್ದು ನಿಂತು ಎರಡೂ ಕೈಯಲ್ಲಿ ಮಹಾಲಿಂಗಯ್ಯನವರ ಕೈ ಹಿಡಿದು ಕುಲುಕಿದರು. "ಸೋತೆ. ಸೋತಿದ್ದಕ್ಕೆ ಬೇಜಾರಿಲ್ಲ ಕಣ್ರೀ. ಮಂಗಳಾ, ಇವರು ಅವತ್ತು ಹೇಳಿದ್ದು ನಿಜಾನೇ!"

ಸರ್ವಮಂಗಳಮ್ಮ ಹಗ್ಗ ದಾಟಿ ಬಂದರು. ಸಿದ್ದಗಂಗಮ್ಮ ಗಂಡನ ಹಿಂದೆ ಬಂದು ನಿಂತು ಸೆರಗು ಹಿಂಡುತ್ತಿದ್ದರು.

"ಬೆಳ್ಳಾವಿಯವರು ಎರಡಿಂಚು ನೀರನ್ನ ನಾಲ್ಕಿಂಚು ಅಂದ್ರು" ಎಂದರು ಸರ್ವಮಂಗಳಮ್ಮ. "ಇವರು ನಾಲ್ಕಿಂಚು ಇಟ್ಕಂಡು ಮಗಳಿಗೋಸ್ಕರ ಇಲ್ಲವೇ ಇಲ್ಲ ಅಂದ್ರು. ಮೇಲಾಗಿ ಆ ಕಾಯಿ ಕಣ್ಣಿಗೊತ್ಕಂಡಿದ್ದನ್ನ ನಾನೇ ನೋಡಿದೆ. ಅತ್ತೆಮ್ಮಾ, ಎಂಥ ಮಗನ್ನ ಸಾಕಿದೀರಿ! ನಮಗೆ ಈ ಸಂಬಂಧ ಒಪ್ಪಿಗೆ. ದಿನ ನೋಡ್ಸಿ."

ಹೊಂಬಾಳಮ್ಮ, "ನಾನು ಅದೇ ಹೇಳಿದ್ದು ತಾಯಿ" ಎಂದರು. ಸಿಂಚನಾ ಓಡಿ ಬಂದು ಅಪ್ಪನ ತೋಳು ಹಿಡಿದುಕೊಂಡಳು. ಅಡವಿಯಪ್ಪ ಬೀದಿಗೆಲ್ಲ ಸುದ್ದಿ ಮುಟ್ಟಿಸಲು ಚಪ್ಪಲಿ ಹಾಕಿಕೊಳ್ಳದೆ ಓಡಿದ. ಮಹಾಲಿಂಗಯ್ಯನವರು ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದರು.

"ಆದ್ರೆ ನನ್ನದೊಂದು ಷರತ್ತು" ಎಂದರು ಬಸವಪ್ರಭು. ಎಲ್ಲರ ನಗುವೂ ಅರ್ಧಕ್ಕೇ ನಿಂತಿತು. "ವಾರಕ್ಕೊಂದು ದಿನ ಬೀಗರು ಕುಣಿಗಲ್ಲಿಗೆ ಬರಬೇಕು. ನನಗೆ ಎಂಡ್‌ಗೇಮ್ ಹೇಳಿಕೊಡಬೇಕು. ನಮ್ಮ ಕ್ಲಬ್ಬಿನೋರಿಗೆಲ್ಲ ಈಗ್ಲೇ ಫೋನ್ ಮಾಡ್ತೀನಿ, ಇಂಥೋರು ಬರ್ತಾವ್ರೆ ಅಂತ. ಮೊದಲು ಆನೆದು ತಗೊಳ್ಳೋಣ, ಆಮೇಲೆ ಒಂಟೆದು, ಆಮೇಲೆ ಕುದುರೆದು. ಏನಂತೀರಿ ಬೀಗರೆ?"

ಮಹಾಲಿಂಗಯ್ಯನವರು ಇದ್ದದ್ದು ಇದ್ದ ಹಾಗೆ ಹೇಳಿಬಿಡೋಣ ಎಂದು ಬಾಯಿ ತೆರೆದರು. ಪಕ್ಕದಲ್ಲಿ ಸರ್ವಮಂಗಳಮ್ಮ ಮೊದಲ ಬಾರಿಗೆ ನಗುತ್ತ ನಿಂತಿದ್ದರು. ತೋಳು ಹಿಡಿದುಕೊಂಡಿದ್ದ ಮಗಳ ಬಿಸಿಯುಸಿರು ಭುಜಕ್ಕೆ ತಾಗುತ್ತಿತ್ತು.

"ಅದಕ್ಕೇನಂತೆ ಬೀಗರೆ" ಎಂದರು. "ಬರ್ತೀನಿ."

ಬಸವಪ್ರಭುಗಳು ಫೋನ್ ಹಿಡಿದು ಆಚೆ ಹೋದ ಮೇಲೆ ಸಿದ್ದಗಂಗಮ್ಮ ಗಂಡನ ಕಿವಿಯ ಹತ್ತಿರ ಬಂದು ಕೇಳಿದರು, "ರೀ, ನಿಮಗೆ ಒಟ್ಟು ಎಷ್ಟು ಎಂಡ್‌ಗೇಮ್ ಬರುತ್ತೆ?"

"ಇದ್ದಿದ್ದು ಒಂದೇ ಕಣೇ" ಎಂದರು ಮಹಾಲಿಂಗಯ್ಯನವರು. "ಅದನ್ನ ಈಗ ಆಡ್ಬಿಟ್ಟೆ."